ಸೂಜಿಯ ಮೇಲಿನ ಅರಗು

ಸಿಮೆಂಟ್ ಫ್ಯಾಕ್ಟರಿ ಕಾಲನಿಯ ಅವ್ವಾರು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದಾಗ ನಾನು ಒಂದು ಸ್ಟೋವಿನ ಬರ್ನರನ್ನು ಸೋಡಾ ಹಾಕಿದ ನೀರಿನಲ್ಲಿ ಕುದಿಯಲು ಇಟ್ಟಿದ್ದೆ. ಮಕ್ಕಳೇ, ನೀವು ನೋಡದ ಅಂಗಡಿ ಅದು. ವಾಡಿ ಸ್ಟೇಷನ್ನಿನಿಂದ ಬಜಾರಿಗೆ ಬರುವ ದಾರಿಯಲ್ಲಿ, ಸೈಕಲ್ ಅಂಗಡಿಯ ಮಗ್ಗುಲಿಗೆ ಇತ್ತು. ನಿಮ್ಮ ಮುತ್ಯಾ, ನನ್ನ ಯಜಮಾನರು, ಇದ್ದಾಗ ಸ್ಟೋವು, ಗ್ಯಾಸ್ ಬತ್ತಿ, ಬೆಳೆಗೆ ಔಷಧ ಹೊಡೆಯುವ ಪಂಪು ಎಲ್ಲವೂ ಅಲ್ಲಿ ರಿಪೇರಿಯಾಗುತ್ತಿದ್ದವು. ಅವರು ಹೋದ ಮೇಲೆ ನಾನು ಸ್ಟೋವು, ಬತ್ತಿಗಳನ್ನಷ್ಟೇ ಇಟ್ಟುಕೊಂಡೆ. ಬಾಗಿಲಿನ ಒಂದು ಕದ ಮುಚ್ಚಿಕೊಂಡು ಒಳಗೆ ಕುಳಿತು ಕೆಲಸ ಮಾಡುತ್ತಿದ್ದೆ. ಗಿರಾಕಿಗಳು ಸಾಮಾನನ್ನು ಹೊಸ್ತಿಲ ಮೇಲಿಟ್ಟು, ಏನು ಕೆಟ್ಟಿದೆಯೆಂದು ಬಾಗಿಲಿಗೇ ಹೇಳಿ ಹೋಗುತ್ತಿದ್ದರು. ನನಗೂ ಅದೇ ಹಿತವಾಗಿತ್ತು.

ಅವ್ವಾರು ಹೊಸ್ತಿಲಲ್ಲಿ ನಿಲ್ಲಲಿಲ್ಲ. ಒಳಗೆ ಬಂದು, ಟವೆಲಿನಲ್ಲಿ ಸುತ್ತಿದ ಒಂದು ವಸ್ತುವನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತರು. ಬಿಚ್ಚುವ ಮೊದಲೇ ಅದು ಏನೆಂದು ನನಗೆ ತಿಳಿದುಹೋಯಿತು.

ಅದು ಅವರ ಮಗನ ಕಾರು. ಅವನ ತಂದೆ, ಫ್ಯಾಕ್ಟರಿಯ ದೊಡ್ಡ ಇಂಜಿನಿಯರ್ ಸಾಹೇಬರು, ಪರದೇಶಕ್ಕೆ ತರಬೇತಿಗೆ ಹೋದಾಗ ತಂದದ್ದು. ಮೊಳದುದ್ದದ ಆಟಿಕೆಯಾದರೂ ಒಳಗೆ ಇದ್ದದ್ದು ನಿಜವಾದ ಇಂಜಿನ್, ಮುಷ್ಟಿಯಲ್ಲಿ ಹಿಡಿಸುವಷ್ಟು. ಪೆಟ್ರೋಲ್ ಅದಕ್ಕೆ ಆಗುತ್ತಿರಲಿಲ್ಲ. ಮೆಥನಾಲ್ ಎಂಬ ಸ್ಪಿರಿಟ್ಟಿಗೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಬೆರೆಸಿ, ನೈಟ್ರೋ ಎಂಬ ಇನ್ನೊಂದು ದ್ರವವನ್ನು ಸ್ವಲ್ಪ ಸೇರಿಸಿ ಹಾಕಬೇಕಿತ್ತು. ಆ ಮಿಶ್ರಣವನ್ನೇ ನಾವು ಎಣ್ಣೆ ಎನ್ನುತ್ತಿದ್ದೆವು. ಕೈಯಲ್ಲೊಂದು ಡಬ್ಬಿ ಹಿಡಿದು ದೂರದಿಂದಲೇ ಅದನ್ನು ಬೇಕಾದ ಕಡೆ ತಿರುಗಿಸಬಹುದಿತ್ತು. ಆ ಹುಡುಗ ಕಾಲನಿಯ ರಸ್ತೆಯಲ್ಲಿ, ಮನೆಯ ಹಿಂದಿನ ಅಂಗಳದಲ್ಲಿ ಓಡಿಸುತ್ತಿದ್ದ. ಕೆಟ್ಟಾಗಲೆಲ್ಲ ಸೈಕಲ್ಲಿಗೆ ಕಟ್ಟಿಕೊಂಡು ನಿಮ್ಮ ಮುತ್ಯಾನ ಹತ್ತಿರ ತರುತ್ತಿದ್ದ. ಇಬ್ಬರೂ ಸೇರಿ ಇಡೀ ಓಣಿಯ ಕಿವಿ ಕಿವುಡಾಗುವಂತೆ ಅದನ್ನು ಕೂಗಿಸುತ್ತಿದ್ದರು. ನಾನು ಒಳಗೆ ಕುಳಿತು ಬಿಚ್ಚಿದ ಭಾಗಗಳನ್ನು ತೊಳೆದು ಕೊಡುತ್ತಿದ್ದೆ. ಮುಂದೆ ಆ ಹುಡುಗನಿಗೆ ಜ್ವರ ನೆತ್ತಿಗೇರಿತು. ಹೈದರಾಬಾದಿಗೆ ಒಯ್ದರು, ಉಳಿಯಲಿಲ್ಲ. ಮರುವರ್ಷ ನಿಮ್ಮ ಮುತ್ಯಾ ಹೋದರು. ಕಾರು ಕಾಲನಿಯ ಮನೆಯ ಅಟ್ಟದ ಮೇಲೆ ಉಳಿಯಿತು.

“ನಮಗ ವರ್ಗ ಆಗ್ಯಾದ ಅಕ್ಕಾ. ಸಾಮಾನ ಕಟ್ಟಲಿಕತ್ತೀವಿ,” ಎಂದರು ಅವ್ವಾರು. “ಊರು ಬಿಡೂದ್ರೊಳಗ ಇದರ ಸಪ್ಪಳ ಒಮ್ಮಿ ಕೇಳಬೇಕು. ಅವ ಆಡಿದ ಜಾಗಾದಾಗೇ. ಮತ್ತ ಎಂದೂ ಏನೂ ಕೇಳಂಗಿಲ್ಲ ನಿಮಗ.”

“ಅವ್ವಾರೆ, ಅದು ಅವರ ಕೆಲಸ ಇತ್ತರಿ. ನನಗ ಸ್ಟೋವಷ್ಟೇ ಬರ್ತದ.”

“ಅವ ಹೇಳ್ತಿದ್ದ. ಕಾಕು ಮಾತಾಡಂಗೇ ಇಲ್ಲ ಮಮ್ಮಿ, ಖರೆ ಒಂದು ಸ್ಕ್ರೂ ಸೈತ ಕಳೀಲಾರದಂಗ ಇಡ್ತಾರ ಅಂತ.” ಆ ಹುಡುಗ ನನ್ನನ್ನು ಕಾಕು, ನಿಮ್ಮ ಮುತ್ಯಾನನ್ನು ಕಾಕಾ ಎನ್ನುತ್ತಿದ್ದ.

ಅವರು ಟವೆಲು ಬಿಚ್ಚಿ ಕಾರನ್ನು ನನ್ನ ಮುಂದಿಟ್ಟರು. ಆಗುವುದಿಲ್ಲ ಎಂದು ಮತ್ತೊಮ್ಮೆ ಹೇಳಲು ಅದನ್ನು ಅವರ ಕಡೆ ತಿರುಗಿಸಿದೆ. ಆಗ ಕಾರ್ಬೊರೇಟರಿನ ಬದಿಯಲ್ಲಿ ಆ ಕೆಂಪು ಅರಗು ಕಾಣಿಸಿತು.

ಅಲ್ಲಿ ಒಂದು ತೆಳ್ಳಗಿನ ಸೂಜಿ ಇರುತ್ತದೆ. ಬಲಕ್ಕೆ ತಿರುಗಿಸಿದರೆ ಎಣ್ಣೆ ಕಡಿಮೆ ಬರುತ್ತದೆ, ಎಡಕ್ಕೆ ತಿರುಗಿಸಿದರೆ ಹೆಚ್ಚು. ಕೂದಲೆಳೆಯಷ್ಟು ಆಚೆ ಈಚೆ ಆದರೂ ಇಂಜಿನ್ ನಿಲ್ಲುತ್ತದೆ. ಹುಡುಗನ ಬೆರಳು ಸುಮ್ಮನಿರುತ್ತಿರಲಿಲ್ಲವೆಂದು ನಿಮ್ಮ ಮುತ್ಯಾ ಪ್ರತಿ ಸಲ ಸರಿಮಾಡಿದ ಮೇಲೆ ಸೂಜಿಯ ತಲೆಗೆ ಅರಗು ಕಾಯಿಸಿ ಹಚ್ಚಿ, ಹೆಬ್ಬೆರಳಿನಿಂದ ಒತ್ತಿಬಿಡುತ್ತಿದ್ದರು. ಲಕೋಟೆಗೆ ಹಾಕುತ್ತಾರಲ್ಲ, ಅದೇ ಅರಗು. “ಕಾಕಾ ಮತ್ತ ಮೊಹರು ಹೊಡದ್ರು,” ಎಂದು ಹುಡುಗ ನಗುತ್ತಿದ್ದ. ಈಗ ಆ ಅರಗಿನಲ್ಲಿ ಅವರ ಹೆಬ್ಬೆರಳಿನ ಗೆರೆಗಳು ಹಾಗೇ ಇದ್ದವು.

ಅವರ ಅಂಗಿಗಳನ್ನು ಕೊಟ್ಟಾಗಿತ್ತು. ಪಾನಾ, ಇಕ್ಕಳಗಳ ಮೇಲೆ ದಿನವೂ ನನ್ನ ಕೈಯಾಡಿ ಅವರದೆಂಬುದು ಏನೂ ಉಳಿದಿರಲಿಲ್ಲ. ಫೋಟೋ ಒಂದಿತ್ತು, ಅದೂ ಮದುವೆಯದು, ಗುರುತು ಸಿಗದಂಥದ್ದು.

“ಇಟ್ಟು ಹೋಗ್ರಿ,” ಎಂದೆ. “ಸಾಹೇಬರಿಗೆ ಗೊತ್ತದೇನ್ರಿ?”

“ಇಲ್ಲ. ಅವರು ಅದರ ಕಡೆ ನೋಡಂಗಿಲ್ಲ.”

ಮರುದಿನ ಬಿಚ್ಚಲು ಕುಳಿತೆ. ಕಾರಿನೊಳಗೆ ರಿಮೋಟಿನ ಮಾತು ಕೇಳುವ ತಂತಿಗಳ ಡಬ್ಬಿ ತೆರೆದರೆ ಒಳಗಿನ ಸೆಲ್ಲುಗಳು ಒಡೆದು, ಹಸಿರು ಉಪ್ಪು ಕಟ್ಟಿ, ತಂತಿಗಳನ್ನೆಲ್ಲ ತಿಂದುಹಾಕಿದ್ದವು. ಅದನ್ನು ಸರಿಪಡಿಸುವುದು ನನ್ನಿಂದಾಗಲಿ ವಾಡಿಯಲ್ಲಿ ಇನ್ಯಾರಿಂದಾಗಲಿ ಆಗುವ ಕೆಲಸವಾಗಿರಲಿಲ್ಲ. ಹಾಗಾಗಿ ಕಾರು ಓಡಿದರೂ ತಿರುಗಿಸುವವರಿಲ್ಲ. ಆ ಚಿಂತೆಯನ್ನು ಮುಂದಕ್ಕೆ ಇಟ್ಟು ಇಂಜಿನ್ನನ್ನು ಹೊರತೆಗೆದೆ. ಗಾಳಿ ಸೋಸುವ ಸ್ಪಂಜು ಮುಟ್ಟಿದರೆ ಪುಡಿಯಾಯಿತು. ಟ್ಯಾಂಕಿನಿಂದ ಎಣ್ಣೆ ತರುವ ಕೊಳವೆ ಒಣಗಿ ಕಡ್ಡಿಯಂತಾಗಿತ್ತು. ಇಂಜಿನ್ನಿನ ಚಕ್ರ ಮಾತ್ರ ಎಷ್ಟು ತಿರುವಿದರೂ ಅಲುಗಲಿಲ್ಲ.

ಸೈಕಲ್ ಅಂಗಡಿಯ ಚಾಚಾ ಕೊಳವೆಗಾಗಿ ಬಂದ ನನ್ನನ್ನೂ ಕೈಯಲ್ಲಿದ್ದ ಕಾರನ್ನೂ ನೋಡಿದರು.

“ಕ್ಯಾ ಬೇಟಿ, ಸ್ಟೋವಿಗೆ ಗಾಲಿ ಹಚ್ಚಿದಿ ಏನು?”

“ವಾಲ್ ಟ್ಯೂಬ್ ಇದ್ರ ಕೊಡ್ರಿ ಚಾಚಾ. ಗೇಣುದ್ದ ಸಾಕು.”

ಅವರು ಕಾರನ್ನು ಗುರುತಿಸಿದರು. ನಗೆ ಅಲ್ಲೇ ನಿಂತಿತು. ಸೈಕಲ್ಲಿನ ವಾಲ್ವಿಗೆ ಹಾಕುವ ರಬ್ಬರ್ ಟ್ಯೂಬನ್ನು ಕತ್ತರಿಸಿ ಕೊಡುತ್ತ, “ಪಿಸ್ಟನ್ ಹಿಡದದೇನು? ತಾ, ಇಕ್ಕಳ ಹಾಕಿ ಒಂದು ಜರ್ಕ್ ಕೊಡ್ತೀನಿ,” ಎಂದರು.

“ಬ್ಯಾಡ್ರಿ. ಮುರೀತಂದ್ರ ಮತ್ತೊಂದು ಇಲ್ಲ.”

ಸೀಮೆಎಣ್ಣೆಯಲ್ಲಿ ನೆನೆಯಿಟ್ಟೆ. ಸ್ಟೋವಿನ ಎಂಥ ಕಟ್ಟಿದ ಕೊಳೆಯೂ ಅದಕ್ಕೆ ಬಿಡುತ್ತದೆ, ಇದು ಬಿಡಲಿಲ್ಲ. ಒಳಗೆ ಏನು ಗಟ್ಟಿಯಾಗಿರಬಹುದೆಂದು ಯೋಚಿಸುತ್ತ ಉಗುರಿನಿಂದ ಕೆರೆದು ನೋಡಿದೆ. ಕಂದು ಬಣ್ಣದ, ಬೆಲ್ಲದ ಪಾಕದಂಥ ಪೊರೆ. ಅದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ನನ್ನ ತವರು ಸೇಡಂ ಹತ್ತಿರದ ಮುಧೋಳ. ಅಲ್ಲಿ ಔಡಲೆಣ್ಣೆ ಇಡುವ ಗಡಿಗೆಯ ಕಂಠದ ಮೇಲೆ ಇದೇ ಪೊರೆ ಕಟ್ಟುತ್ತಿತ್ತು. ತಿಕ್ಕಿದರೆ ಹೋಗುತ್ತಿರಲಿಲ್ಲ, ನಮ್ಮವ್ವ ಗಡಿಗೆಯನ್ನು ಬಿಸಿ ಬೂದಿಯಲ್ಲಿ ಹೂತಿಡುತ್ತಿದ್ದಳು.

ಹಂಚಿನ ಮೇಲೆ ಮರಳು ಹರವಿ, ಸಣ್ಣ ಉರಿಯ ಮೇಲಿಟ್ಟು, ಇಂಜಿನ್ನನ್ನು ಅದರಲ್ಲಿ ಕೂರಿಸಿದೆ. ಅರಗು ಕರಗಬಾರದೆಂದು ಕಾರ್ಬೊರೇಟರನ್ನು ಮೊದಲೇ ಬಿಚ್ಚಿ ದೂರ ಇಟ್ಟಿದ್ದೆ. ಸ್ವಲ್ಪ ಹೊತ್ತಿಗೆ ಹೊಗೆಯೆದ್ದಿತು. ಮಕ್ಕಳೇ, ಆ ವಾಸನೆಗೆ ನಾನು ಸಿದ್ಧಳಾಗಿರಲಿಲ್ಲ. ಸಂಜೆ ಊಟಕ್ಕೆ ಕುಳಿತಾಗ ನಿಮ್ಮ ಮುತ್ಯಾನ ತೋಳಿನಿಂದ ಬರುತ್ತಿದ್ದದ್ದು ಅದೇ. ಎಷ್ಟು ಸಾಬೂನು ಹಚ್ಚಿದರೂ ಹೋಗುವುದಿಲ್ಲವಲ್ಲ ಎಂದು ನಾನು ಬೈಯುತ್ತಿದ್ದ ವಾಸನೆ. ಸೆರಗಿನಲ್ಲಿ ಮೂಗು ಮುಚ್ಚಿಕೊಂಡೆ, ಮತ್ತೆ ತೆಗೆದೆ. ಅರಿವೆಯಲ್ಲಿ ಹಿಡಿದು ಚಕ್ರವನ್ನು ತಿರುವಿದಾಗ ಅದು ಒಂದು ಎಳೆಯಷ್ಟು ಸರಿಯಿತು. ಮತ್ತೆ ಬಿಸಿ ಮಾಡಿದೆ, ಮತ್ತಷ್ಟು ಸರಿಯಿತು. ಆಮೇಲೆ ಪೂರ್ತಿ ತಿರುಗಿತು.

ಎಣ್ಣೆಯ ಮಾತು ಬಂತು. ಅಂಗಡಿಯ ಪೆಟ್ಟಿಗೆಯಲ್ಲಿ ಉಳಿದಿದ್ದ ಹಳೆಯ ಬಾಟಲಿಯ ಮುಚ್ಚಳ ಸಡಿಲಾಗಿ, ಉಳಿದದ್ದು ನೀರು ಹೀರಿ ಕೆಟ್ಟಿತ್ತು. ನೈಟ್ರೋ ನಮ್ಮ ಕಡೆ ಎಲ್ಲಿಯೂ ಸಿಗುವಂಥದ್ದಲ್ಲ. ಮೆಥನಾಲ್ ಬೇಕೆಂದರೆ ಫ್ಯಾಕ್ಟರಿಯಿಂದಲೇ ಬರಬೇಕು, ಅಂದರೆ ಸಾಹೇಬರನ್ನೇ ಕೇಳಬೇಕು. ಅವ್ವಾರಿಗೆ ಹೇಳಿಕಳಿಸಿದೆ. ಅವರು ಮನೆಯಲ್ಲಿ ಏನು ಹೇಳಿದರೋ ತಿಳಿಯದು. ಫ್ಯಾಕ್ಟರಿಯ ಜವಾನನೊಬ್ಬ ಒಂದು ಬಾಟಲಿಯನ್ನು ತಂದು ಹೊಸ್ತಿಲ ಮೇಲಿಟ್ಟ.

“ಸಾಹೇಬರು ಕೊಟ್ಟಾರ್ರಿ. ಕೈ ಬಾಯಿಗೆ ಹತ್ತಲಾರದಂಗ ನೋಡ್ಕೊರಿ ಅಂದಾರ, ವಿಷ ಅದ ಅಂತ.”

“ಮತ್ತೇನಂದ್ರು?”

“ಮತ್ತೇನೂ ಇಲ್ಲರಿ. ಖುದ್ದ ತಾವೇ ಬೂಚು ಹಾಕಿದ್ರು.”

ಔಡಲೆಣ್ಣೆ ನನ್ನ ಮನೆಯಲ್ಲೇ ಇತ್ತು. ತವರಿನದು. ಅಂಗಡಿಯ ಎಣ್ಣೆಯಲ್ಲಿ ಏನೇನು ಬೆರೆಸಿರುತ್ತಾರೋ, ಇದಕ್ಕಿಂತ ಶುದ್ಧವಾದದ್ದು ಎಲ್ಲಿ ಸಿಕ್ಕೀತು ಎಂದುಕೊಂಡು ಅದನ್ನೇ ಬೆರೆಸಿದೆ. ಕುಲುಕಿದ ಕೂಡಲೇ ಸ್ಪಿರಿಟ್ಟು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು. ಅದು ಸರಿಯಲ್ಲವೆಂದು ಆಗಲೇ ತಿಳಿಯಬೇಕಿತ್ತು. ಟ್ಯಾಂಕಿಗೆ ಹಾಕಿದೆ. ಈ ಇಂಜಿನ್ನಿನ ಪ್ಲಗ್ಗಿನಲ್ಲಿ ಕೂದಲಿನಂಥ ತಂತಿಯ ಸುರುಳಿ ಇರುತ್ತದೆ. ಶುರುಮಾಡುವಾಗ ಸೆಲ್ಲಿನಿಂದ ಅದನ್ನು ಕೆಂಪಗೆ ಕಾಯಿಸಬೇಕು, ಇಂಜಿನ್ ಹಿಡಿದ ಮೇಲೆ ಸೆಲ್ಲಿನ ತಂತಿ ತೆಗೆದರೂ ತನ್ನ ಬಿಸಿಗೇ ಅದು ಉರಿಯುತ್ತಿರುತ್ತದೆ. ಬ್ಯಾಟರಿ ಸೆಲ್ಲುಗಳನ್ನು ಒಂದರ ಹಿಂದೆ ಒಂದು ಇಟ್ಟರೆ ಸುರುಳಿ ಸುಟ್ಟುಹೋಗುತ್ತದೆಂದು ಅವುಗಳನ್ನು ಪಕ್ಕಪಕ್ಕಕ್ಕೆ ನಿಲ್ಲಿಸಿ, ತಲೆಗೆ ತಲೆ, ಬುಡಕ್ಕೆ ಬುಡ ಜೋಡಿಸಿ ಕಟ್ಟಿದೆ. ಚಕ್ರಕ್ಕೆ ಹುರಿ ಸುತ್ತಿ ಎಳೆದೆ. ಇಂಜಿನ್ನು ಸೀನಿದಂತೆ ಒಂದೆರಡು ಸಲ ಉಗುಳಿತು, ಅಷ್ಟೇ. ಪ್ಲಗ್ ತೆಗೆದು ನೋಡಿದರೆ ಸುರುಳಿಯ ಮೇಲೆ ಹನಿಹನಿ ನೀರು.

ನಮ್ಮ ಕಡೆ ಔಡಲವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆಯುತ್ತಾರೆ. ತಲೆಗೆ ಹಚ್ಚಲು, ಮಗುವಿನ ಹೊಟ್ಟೆಗೆ ಸವರಲು ಅದರಲ್ಲಿ ಉಳಿದ ನೀರು ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ಬಂತು. ಎಲ್ಲವನ್ನೂ ಚೆಲ್ಲಿ, ಬಿಚ್ಚಿ, ಒರೆಸಿ, ಒಣಗಿಸಿ, ಪ್ಯಾಸೆಂಜರ್ ಗಾಡಿ ಹತ್ತಿ ಶಹಾಬಾದಿಗೆ ಹೋದೆ. ಔಷಧದ ಅಂಗಡಿಯವನ ಮುಂದೆ ಬಾಟಲಿ ಮೇಲೆ ಬಾಟಲಿ ಕೇಳುವುದಕ್ಕೆ ನನಗೆ ಸಂಕೋಚ.

“ಔಡಲೆಣ್ಣಿ ಇಷ್ಟ್ಯಾಕ್ರಿ ಅಕ್ಕಾರೆ? ಓಣಿಗೆ ಓಣೀನೇ ಹೊಟ್ಟಿ ಕಟ್ಟಿ ಕುಂತದೇನು?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ನೆಲ ನೋಡುತ್ತ, “ಹೂಂರಿ,” ಎಂದುಬಿಟ್ಟೆ.

ಆ ಎಣ್ಣೆ ಸ್ಪಿರಿಟ್ಟಿನಲ್ಲಿ ಗಾಜಿನಂತೆ ತಿಳಿಯಾಗಿ ಬೆರೆಯಿತು. ಹುರಿ ಎಳೆದ ಎರಡನೆಯ ಸಲಕ್ಕೇ ಇಂಜಿನ್ ಹಿಡಿಯಿತು. ಎಷ್ಟು ದಿನದ ಮೇಲೆ ಆ ಅಂಗಡಿಯಲ್ಲಿ ಆ ಸದ್ದು! ಪಕ್ಕದಲ್ಲಿ ಚಾಚಾನ ಕೈಯಿಂದ ಏನೋ ಕೆಳಗೆ ಬಿತ್ತು. ನಾನು ಪ್ಲಗ್ಗಿನ ಮೇಲಿನ ತಂತಿ ತೆಗೆದೆ. ತೆಗೆದ ಕೂಡಲೇ ಗುರಗುರ ಎಂದು ನಿಂತುಹೋಯಿತು.

ಮತ್ತೆ ಎಳೆದೆ, ಹಿಡಿಯಿತು. ತಂತಿ ತೆಗೆದೆ, ನಿಂತಿತು. ಹೊಗೆಕೊಳವೆಯಿಂದ ಎಣ್ಣೆ ಒಸರುತ್ತಿತ್ತು. ಸದ್ದು ದಪ್ಪವಾಗಿ, ಕಫ ಕಟ್ಟಿದವರ ಉಸಿರಿನಂತಿತ್ತು. ಕಾರಣ ನನಗೆ ಗೊತ್ತಿತ್ತು. ನಿಮ್ಮ ಮುತ್ಯಾ ಸೂಜಿಯನ್ನು ಹೊಂದಿಸಿದ್ದು ನೈಟ್ರೋ ಇದ್ದ ಎಣ್ಣೆಗೆ. ನೈಟ್ರೋ ಇಲ್ಲದ ಎಣ್ಣೆಗೆ ಅಷ್ಟು ಧಾರೆ ಬೇಡ. ಇಂಜಿನ್ ತನಗೆ ಬೇಕಾದ್ದಕ್ಕಿಂತ ಹೆಚ್ಚು ಕುಡಿದು ಒಳಗೊಳಗೆ ತೊಯ್ದು ಆರುತ್ತಿತ್ತು. ಸೂಜಿಯನ್ನು ಬಲಕ್ಕೆ ತಿರುಗಿಸಬೇಕು. ಬೇರೆ ದಾರಿಯಿಲ್ಲ.

ಆದರೂ ಎರಡು ದಿನ ನಾನು ಬೇರೆ ದಾರಿಗಳನ್ನೇ ಹುಡುಕಿದೆ. ಔಡಲೆಣ್ಣೆಯನ್ನು ಹೆಚ್ಚು ಮಾಡಿ ನೋಡಿದೆ. ಟ್ಯಾಂಕನ್ನು ಕೆಳಗಿಳಿಸಿ ಕಟ್ಟಿದೆ. ಕೊಳವೆಯೊಳಗೆ ದಾರದ ಎಳೆ ತೂರಿಸಿ ಧಾರೆ ಸಣ್ಣ ಮಾಡಲು ಹೋದೆ. ಚಾಚಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರಿಗೂ ಆ ಅರಗು ಕಂಡಿತ್ತು.

“ಬೇಟಿ,” ಎಂದರು. “ಉಸ್ತಾದ್ ಇದ್ದಿದ್ರ ಏನು ಮಾಡ್ತಿದ್ರು?”

ನಾನು ಕೊಳವೆಯೊಳಗಿನ ದಾರ ಎಳೆಯುತ್ತಿದ್ದೆ.

“ಅವರು ಕೂತ್ಕೊಂಡು ಅರಗು ಕಾಯ್ತಿದ್ರೇನು?”

“ನಿಮ್ಮ ಕೆಲಸ ನೋಡ್ಕೊರಿ ಚಾಚಾ,” ಎಂದೆ. ನನ್ನ ಬಾಯಿಂದ ಅಂಥ ಮಾತು ಅವರು ಹಿಂದೆ ಕೇಳಿರಲಿಲ್ಲ. ತಮ್ಮ ಅಂಗಡಿಗೆ ಹೋದರು.

ಆಮೇಲೆ ಟ್ಯಾಂಕು ತುಂಬುವಾಗ ಎಣ್ಣೆ ಚೆಲ್ಲಿತು. ಒರೆಸಿದ ಬೆರಳು ನೋಡಿಕೊಂಡರೆ ಕೆಂಪಗಿತ್ತು. ಗಾಯವೆಂದುಕೊಂಡೆ. ಅದು ಅರಗು. ಅರಗು ಸ್ಪಿರಿಟ್ಟಿಗೆ ಕರಗುತ್ತದೆ. ದಿನವೂ ಹನಿಹನಿಯಾಗಿ ಚೆಲ್ಲಿದ್ದು ತಾಗಿ ತಾಗಿ, ಹೆಬ್ಬೆರಳಿನ ಗೆರೆಗಳು ಒಂದು ಬದಿಯಿಂದ ಆಗಲೇ ಅಳಿಸಿ ನುಣ್ಣಗಾಗಿದ್ದವು. ನಿಮ್ಮ ಮುತ್ಯಾ ಪ್ರತಿ ಸಲ ಹೊಸದಾಗಿ ಯಾಕೆ ಹಚ್ಚುತ್ತಿದ್ದರೆಂದು ಆಗ ತಿಳಿಯಿತು. ನಾನು ಯಾವುದನ್ನು ಉಳಿಸಲು ಹೆಣಗುತ್ತಿದ್ದೆನೋ ಅದನ್ನು ನನ್ನ ಕೈಯೇ ತೊಳೆಯುತ್ತಿತ್ತು.

ಬಾಗಿಲು ಪೂರ್ತಿ ಹಾಕಿಕೊಂಡೆ. ಉಳಿದಿದ್ದ ಗೆರೆಗಳ ಮೇಲೆ ನನ್ನ ಹೆಬ್ಬೆರಳನ್ನು ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದೆ. ಅವರ ಬೆರಳು ನನ್ನದಕ್ಕಿಂತ ಬಹಳ ಅಗಲ. ಆಮೇಲೆ ಸಣ್ಣ ಸ್ಕ್ರೂಡ್ರೈವರಿನಿಂದ ಅರಗನ್ನು ಎಬ್ಬಿಸಿದೆ. ಒಂದೇ ತುಂಡಾಗಿ ಬಂದೀತೆಂದು ಆಸೆಯಿತ್ತು, ಪುಡಿಪುಡಿಯಾಗಿ ಬಂತು. ಊದಿ ತೆಗೆದೆ. ಇಂಜಿನ್ನಿನೊಳಗೆ ಒಂದು ಚೂರೂ ಬೀಳಬಾರದಲ್ಲ.

ಬಾಗಿಲು ತೆಗೆದು ಚಾಚಾನನ್ನು ಕರೆದು ಕಾರನ್ನು ಎತ್ತಿ ಹಿಡಿಯಲು ಹೇಳಿದೆ. ಅವರು ಬಂದು ಹಿಡಿದರು. ಸೂಜಿಯನ್ನು ಕೂದಲೆಳೆಯಷ್ಟು ಬಲಕ್ಕೆ ತಿರುವಿ ಶುರುಮಾಡಿದೆ. ತಂತಿ ತೆಗೆದ ಮೇಲೂ ಸ್ವಲ್ಪ ಹೊತ್ತು ಓಡಿ, ಆಮೇಲೆ ನಿಂತಿತು. ಮತ್ತಷ್ಟು ತಿರುವಿದೆ. ಈ ಸಲ ನಿಲ್ಲಲಿಲ್ಲ. ಅಳತೆ ಸರಿಯಾಗಿದೆಯೇ ಎಂದು ತಿಳಿಯಲು ಎಣ್ಣೆಯ ಕೊಳವೆಯನ್ನು ಒಂದು ಕ್ಷಣ ಚಿವುಟಿ ಬಿಡಬೇಕು. ಕೂಡಲೇ ನಿಂತರೆ ಎಣ್ಣೆ ಕಡಿಮೆ; ಬಹಳ ಹೊತ್ತು ಜೋರಾದರೆ ಹೆಚ್ಚು; ಒಂದು ಉಸಿರು ಜೋರಾಗಿ ಮತ್ತೆ ಇಳಿದರೆ ಸರಿ. ಚಿವುಟುತ್ತ, ತಿರುವುತ್ತ, ಕಿವಿಗೊಡುತ್ತ ಹೋದೆ. ಗಂಟಲಿನ ಕಫ ಹೋಗಿ ಸದ್ದು ಬಿಚ್ಚಿಕೊಂಡಿತು. ಅತಿ ಬಿಸಿಯಾಗದಿರಲೆಂದು ಎಳೆಯಷ್ಟು ಹಿಂದಕ್ಕೆ ಬಿಟ್ಟೆ. ಚಾಚಾ ಕಣ್ಣೊರೆಸಿಕೊಂಡರು, ಹೊಗೆ ಎಂದರು.

ಇನ್ನು ತಿರುಗಿಸುವವರಿಲ್ಲದ ಕಾರನ್ನು ಓಡಿಸುವುದು ಹೇಗೆ? ರಸ್ತೆಯಲ್ಲಿ ಬಿಟ್ಟರೆ ನೇರ ಹೋಗಿ ಗೋಡೆಗೆ ಬಡಿಯುತ್ತದೆ. ಇದಕ್ಕೆ ಮಾತ್ರ ನಾನು ಹೆಚ್ಚು ಯೋಚಿಸಬೇಕಾಗಲಿಲ್ಲ. ಕಣದಲ್ಲಿ ರಾಶಿ ಮಾಡುವಾಗ ನಡುವೆ ಮೇಟಿಗಂಬ ನೆಟ್ಟು ಎತ್ತುಗಳನ್ನು ಸುತ್ತ ತುಳಿಸುತ್ತಾರೆ. ಹಗ್ಗವನ್ನು ಮೇಟಿಗೆ ಬಿಗಿಯುವುದಿಲ್ಲ, ಬಳೆಯಂತೆ ಸಡಿಲಾಗಿ ಹಾಕುತ್ತಾರೆ. ಬಿಗಿದರೆ ಹಗ್ಗ ಸುತ್ತಿಕೊಂಡು ಎತ್ತು ಮೇಟಿಗೇ ಬಂದು ಸೇರುತ್ತದೆ.

ಅವರು ಹೊರಡುವ ದಿನ ಬೆಳಿಗ್ಗೆ ಕಾಲನಿಗೆ ಹೋದೆ. ಲಾರಿಗೆ ಸಾಮಾನು ಏರುತ್ತಿತ್ತು. ಮನೆಯ ಹಿಂದೆ ಪರಸಿ ಕಲ್ಲು ಹಾಸಿದ ದೊಡ್ಡ ಅಂಗಳ. ಎರಡು ಪರಸಿಗಳ ಸಂದಿಯಲ್ಲಿ ಕಬ್ಬಿಣದ ಹಾರೆ ನೆಟ್ಟು, ಅದಕ್ಕೆ ಗ್ರೀಸ್ ಹಚ್ಚಿದ ಬಳೆ ತೊಡಿಸಿ, ಬಳೆಗೆ ಹುರಿ ಕಟ್ಟಿ, ಹುರಿಯ ಇನ್ನೊಂದು ತುದಿಯನ್ನು ಕಾರಿನ ನಡುವಿಗೆ ಬಿಗಿದೆ. ವೇಗದ ಕಡ್ಡಿಯನ್ನು ಅರ್ಧಕ್ಕೆ ತಂತಿ ಸುತ್ತಿ ನಿಲ್ಲಿಸಿದೆ. ಅವ್ವಾರಿಗೆ ಕಾರಿನ ಹಿಂಭಾಗ ಎತ್ತಿ ಹಿಡಿಯಲು ಹೇಳಿದೆ. ಅವರು ಎರಡೂ ಕೈಯಿಂದ ಹಿಡಿದರು.

“ಇಂಜಿನ್ ಹಿಡದ ಮ್ಯಾಲ ನಾ ಹೂಂ ಅಂತೀನಿ. ಆಗ ಕೆಳಗ ಇಟ್ಟು ಹಿಂದ ಸರೀರಿ. ಹಗ್ಗದ ಒಳಗ ನಿಲ್ಲಬ್ಯಾಡ್ರಿ.”

“ಹೂಂ,” ಎಂದರು ಅವರೇ.

ಮೊದಲ ಎಳೆತಕ್ಕೇ ಹಿಡಿಯಿತು. ಕಾರು ಪರಸಿಯ ಮೇಲೆ ಒಮ್ಮೆ ಅತ್ತಿತ್ತ ಜಾರಿ, ಹುರಿ ಬಿಗಿಯಾಗಿ, ಸುತ್ತಲು ಹಿಡಿಯಿತು. ಲಾರಿಯ ಹತ್ತಿರದ ಗಲಾಟೆ ನಿಂತಿತು. ಹಿಂಬಾಗಿಲಲ್ಲಿ ಸಾಹೇಬರು ಕಾಣಿಸಿದರು, ಒಂದು ಕಾಲಿಗೆ ಬೂಟು, ಇನ್ನೊಂದು ಕೈಯಲ್ಲಿ. ಅವ್ವಾರು ಅವರನ್ನು ನೋಡಲಿಲ್ಲ. ಕಾರಿನ ಜೊತೆಗೇ ಅವರ ಮುಖವೂ ಸುತ್ತುತ್ತಿತ್ತು. ಅಳುತ್ತಾರೆಂದು ನಾನು ಹೆದರಿದ್ದೆ. ಅವರು ಅಳಲಿಲ್ಲ, ಸಣ್ಣ ದನಿಯಲ್ಲಿ “ಸಾವಕಾಶ, ಸಾವಕಾಶ” ಎನ್ನುತ್ತಿದ್ದರು. ಕಾರಿಗಲ್ಲ ಅದು. ರಸ್ತೆಯಲ್ಲಿ ಅದರ ಹಿಂದೆ ಓಡುತ್ತಿದ್ದವನಿಗೆ.

ಬಹಳ ಸುತ್ತು ಸುತ್ತಿದ ಮೇಲೆ ಸದ್ದು ಬದಲಾಯಿತು. ಒಮ್ಮೆಗೇ ತೆಳ್ಳಗೆ, ಎತ್ತರಕ್ಕೆ ಏರಿತು. ಅಷ್ಟು ಹೊತ್ತು ಇಲ್ಲದ ವೇಗ ಬಂತು. ಹುರಿ ಹಾಡತೊಡಗಿತು.

“ಕೇಳ್ರಿ ಅಕ್ಕಾ!” ಅವ್ವಾರು ನನ್ನ ಕೈ ಹಿಡಿದರು. “ಈಗ ಸರಿ ಆತು. ಹಿಂಗೇ ಇತ್ತು, ಖರೆ ಖರೆ ಹಿಂಗೇ ಇತ್ತು!” ಅವರು ನಗುತ್ತಿದ್ದರು.

ಎಣ್ಣೆ ತೀರುವಾಗ ಈ ಇಂಜಿನ್ನು ಹಾಗೆ ಮಾಡುತ್ತದೆ. ಕೊಳವೆಯಲ್ಲಿ ಎಣ್ಣೆಗಿಂತ ಗಾಳಿ ಹೆಚ್ಚಾಗಿ, ಇರುವ ಕೊನೆಯ ಹನಿಗಳು ಜೋರಾಗಿ ಉರಿಯುತ್ತವೆ. ನಾನು ಬಾಗಿಲ ಕಡೆ ನೋಡಿದೆ. ಸಾಹೇಬರೂ ನನ್ನನ್ನೇ ನೋಡುತ್ತಿದ್ದರು. ಅವರು ಇಂಜಿನಿಯರು, ಅವರಿಗೆ ತಿಳಿಯದ್ದಲ್ಲ. ಇಬ್ಬರೂ ಕಣ್ಣನ್ನು ಕಾರಿನ ಕಡೆ ತಿರುಗಿಸಿದೆವು.

ಸದ್ದು ನಿಂತಿತು. ಕಾರು ಇನ್ನೂ ಸ್ವಲ್ಪ ದೂರ ಉರುಳಿ ನಿಂತಿತು, ಹುರಿ ಸಡಿಲಾಗಿ ಪರಸಿಯ ಮೇಲೆ ಬಿತ್ತು.

“ಇನ್ನೊಮ್ಮಿ ಹಚ್ರಿ,” ಎಂದರು ಅವ್ವಾರು. “ಎಣ್ಣಿ ಅದಲ್ಲ ಬಾಟ್ಲ್ಯಾಗ.”

ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದೆ. ಕೊನೆಯ ಬಿಸಿಗೆ ಸುರುಳಿ ಹರಿದಿತ್ತು. ಇದ್ದದ್ದು ಅದೊಂದೇ.

“ತಂತಿ ಸುಟ್ಟದರಿ ಅವ್ವಾರೆ. ಇನ್ನ ಹಿಡಿಯಂಗಿಲ್ಲ.”

ಅವರು ತಲೆಯಾಡಿಸಿದರು. ಹೋಗಿ ಕಾರಿನ ಹತ್ತಿರ ಕುಳಿತರು. ಮುಟ್ಟಿ, ಕೈ ಹಿಂದೆಗೆದು, ಸೆರಗನ್ನು ಮಡಚಿ ಅದರ ಮೇಲೆ ಎತ್ತಿ ಎದೆಗೆ ಹಿಡಿದುಕೊಂಡರು. ಎಣ್ಣೆ ಸೀರೆಗೆ ಇಳಿಯುತ್ತಿತ್ತು.

“ಇನ್ನಾ ಬಿಸಿ ಅದ,” ಎಂದರು ಗಂಡನಿಗೆ.

ಲಾರಿಯವನು ಹೊತ್ತಾಯಿತೆಂದು ಹಾರ್ನ್ ಹೊಡೆದ. ಸಾಹೇಬರು ಒಂದೇ ಬೂಟಿನಲ್ಲಿ ಅಂಗಳ ದಾಟಿ ಹೋಗಿ ಅವನನ್ನು ಕೈಯೆತ್ತಿ ತಡೆದು, ಅಲ್ಲಿಯೇ ನಿಂತರು. ಕಾರು ತಣ್ಣಗಾಗುವ ತನಕ ಯಾರೂ ಅವ್ವಾರನ್ನು ಕರೆಯಲಿಲ್ಲ.